ಸುಸ್ಥಿರವೋ, ಸುಸ್ತೋ?

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ನಮ್ಮ ಹಿರಿಯರು ಅದು ಯಾರ ದುಡ್ಡಿನಲ್ಲಿ ಎಂಬುದನ್ನು ಹೇಳದೆ ಹೋದರು. ಸ್ವಂತ ದುಡ್ಡಾದರೆ ಎರಡೂ ಹೆಣಗಾಟವೇ. 1996ರಲ್ಲಿ ನಾವು ಕೃಷ್ಣರಾಜಪುರದಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿದಾಗ ನಮ್ಮ ಮನೆಯವರು ಪ್ರಾವಿಡೆಂಟ್ ಫಂಡನ್ನು ತಳ ಕೆರೆದು ತಂದಿದ್ದರು, ನಾನು ಎರಡು ಬಳೆ ಅಡವಿಟ್ಟಿದ್ದೆ. ಆ ಸಾಲ, ಆ ಧೂಳು, ಮರಳಿನ ಲಾರಿಗಾಗಿ ಕಾದ ರಾತ್ರಿಗಳು ಎಲ್ಲ ಈಗ ಮರೆತಿವೆ. ಮರೆಯದೆ ಉಳಿದದ್ದು ನಮ್ಮ ಮೇಸ್ತ್ರಿಯ ಒಂದು ಮಾತು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ಎಲ್ಲಿ ಹಾಕಬೇಕೆಂದು ನಮ್ಮ ಮನೆಯವರೂ ನಮ್ಮ ಭಾವನವರೂ ನಕ್ಷೆ ಹಿಡಿದುಕೊಂಡು ವಾದಿಸುತ್ತಿದ್ದರು. ಮೇಸ್ತ್ರಿ ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಬೀಡಿ ಆರಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ ನನ್ನ ಕಡೆ ತಿರುಗಿ, "ಅಕ್ಕಾ, ದಿನಾ ಬಗ್ಗೋರು ನೀವು. ನೀವ್ ಹೇಳಿ, ಎಲ್ಲಿ ಹಾಕ್ಲಿ, ಎಷ್ಟೆತ್ತರ ಹಾಕ್ಲಿ?" ಅಂದ. ನಾನು ಹೇಳಿದೆ, ಹಾಕಿದ. ಮೂವತ್ತು ವರ್ಷದ ಹತ್ತಿರ ಬಂತು, ನನ್ನ ಸೊಂಟ ಇನ್ನೂ ನೆಟ್ಟಗಿದೆ.

ಏಳನೇ ಕ್ಲಾಸು ದಾಟದ ಆ ಮನುಷ್ಯನಿಗಿದ್ದ ತಿಳಿವಳಿಕೆ ಸರ್ಕಾರಿ ಕಚೇರಿಗಳ ನಕ್ಷೆ ಬರೆಯುವವರಿಗೆ ಏಕಿಲ್ಲ ಎಂಬುದೇ ನನ್ನ ಜಗಳ.

ಜಗಳಕ್ಕೆ ಕಾಲವೂ ಕೂಡಿ ಬಂದಿದೆ. 2025ರ ಸೆಪ್ಟೆಂಬರ್ 2ರಂದು ನಮ್ಮ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಒಡೆದು ಐದಾಯಿತು. ಕೂಡು ಕುಟುಂಬ ಒಡೆದರೆ ಒಲೆ ಐದಾಗಬೇಕು, ಪಾತ್ರೆ ಪಗಡೆ ಹಂಚಬೇಕು, ಸೊಸೆಯರಿಗೆ ಬೇರೆ ಬೇರೆ ಮನೆ ಆಗಬೇಕು. ಇಲ್ಲೂ ಹಾಗೆಯೇ. ಕೆ.ಆರ್. ಪುರವೂ ಮಹದೇವಪುರವೂ ಸೇರಿ ಬೆಂಗಳೂರು ಪೂರ್ವ ನಗರ ಪಾಲಿಕೆಯಾದವು. ಹಲಸೂರು, ಶಿವಾಜಿನಗರ, ಇಂದಿರಾನಗರಗಳು ಕೇಂದ್ರ ಪಾಲಿಕೆಯ ಪಾಲಿಗೆ ಹೋದವು. ಅಮ್ಮನ ಮನೆ ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ, ನನ್ನದು ಕೆ.ಆರ್. ಪುರದಲ್ಲಿ. ಹೀಗಾಗಿ ಈಗ ತಾಯಿಯದೊಂದು ಪಾಲಿಕೆ, ಮಗಳದೊಂದು ಪಾಲಿಕೆ. ಹೊಸ ಪಾಲಿಕೆಗಳಿಗೆ ಹೊಸ ಕಚೇರಿ ಕಟ್ಟಡಗಳನ್ನು ಕಟ್ಟುತ್ತೇವೆಂದು ಸರ್ಕಾರ ಹೇಳಿದೆ. ಈಗಿನ ಕಾಲದಲ್ಲಿ ಸರ್ಕಾರಿ ಕಟ್ಟಡದ ಮಾತೆತ್ತಿದರೆ 'ಸುಸ್ಥಿರ' ಎಂಬ ಪದ ಕರಿಬೇವಿನ ಹಾಗೆ ಒಗ್ಗರಣೆಗೆ ಬಿದ್ದೇ ಬೀಳುತ್ತದೆ. ಒಂದು ಸಂಜೆ ಅಮ್ಮನಿಗೆ ಪೇಪರು ಓದಿ ಹೇಳುತ್ತಿದ್ದಾಗ ಈ ಪದ ಬಂತು. ಅಮ್ಮನಿಗೆ ಎಂಬತ್ತೆರಡು, ಕಿವಿ ಕೊಂಚ ಮಂದ.

"ಏನಂದೆ, ಸುಸ್ತಿರಾನಾ? ಸುಸ್ತಾಗಿ ಕೂತಲ್ಲೇ ಇರೋದಾ? ಅದಕ್ಕೆ ಹೊಸದು ಯಾಕೇ ಕಟ್ಟಬೇಕು, ಈಗಿರೋದೂ ಹಾಗೇ ಇದೆಯಲ್ಲೇ!"

ಅಮ್ಮ ಇದನ್ನು ತಮಾಷೆಗೆ ಹೇಳಿದ್ದಲ್ಲ. 2022ರಲ್ಲಿ ಅಪ್ಪ ತೀರಿಕೊಂಡ ಮೇಲೆ ಮನೆಯ ಖಾತೆಯನ್ನು ಅವಳ ಹೆಸರಿಗೆ ಮಾಡಿಸಬೇಕಾಗಿ ಬಂತು. ಯಾವ ಕಚೇರಿ, ಎಲ್ಲಿ ಎಂಬುದೆಲ್ಲ ಇಲ್ಲಿ ಬೇಡ. ನಿಮ್ಮೂರಿನ ಕಚೇರಿಯನ್ನೇ ಕಣ್ಣ ಮುಂದೆ ತಂದುಕೊಳ್ಳಿ, ಹೆಚ್ಚೇನೂ ವ್ಯತ್ಯಾಸ ಇರಲಾರದು. ಎರಡನೆಯ ಮಹಡಿ. 44 ಮೆಟ್ಟಿಲು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು, ಎಣಿಸುವುದು ಚಾಳಿ. ಲಿಫ್ಟು ಇಲ್ಲವೆಂದಲ್ಲ, ಇತ್ತು. 'ದುರಸ್ತಿಯಲ್ಲಿದೆ' ಎಂದು ಅದರ ಬಾಗಿಲಿಗೆ ಅಂಟಿಸಿದ್ದ ಕಾಗದವೇ ಹಳದಿಯಾಗಿತ್ತು. ಅಮ್ಮ ಪ್ರತಿ ತಿರುವಿನಲ್ಲೂ ಮೆಟ್ಟಿಲ ಮೇಲೆಯೇ ಕೂತು, ಮೊಣಕಾಲು ನೀವಿಕೊಂಡು ಹತ್ತಿದಳು. ಮೇಲೆ ಹೋದರೆ ಕಾಯಲು ಒಂದು ಬೆಂಚು, ಅದರ ಮೇಲೆ ಆಗಲೇ ಏಳು ಜನ. ಶಿವಾಜಿನಗರದಿಂದ ಬಂದಿದ್ದ ಬುರ್ಖಾ ತೊಟ್ಟ ಹುಡುಗಿಯೊಬ್ಬಳು ಮಗುವನ್ನು ಎತ್ತಿಕೊಂಡು ಎದ್ದು, "ಅಮ್ಮಾ, ನೀವು ಕೂತ್ಕೊಳ್ಳಿ" ಎಂದು ಜಾಗ ಬಿಟ್ಟುಕೊಟ್ಟಳು. ಅವಳು ಆ ಮಗುವಿನ ಜನನ ಪತ್ರದಲ್ಲಿ ಒಂದಕ್ಷರ ತಿದ್ದಿಸಲು ನಾಲ್ಕನೆಯ ಸಲ ಬಂದಿದ್ದಳು.

ಹೆಂಗಸರ ಶೌಚಾಲಯಕ್ಕೆ ಬೀಗ. ಬೀಗದ ಕೈ ಯಾರ ಹತ್ತಿರ ಎಂದರೆ ಅಟೆಂಡರ್ ಇನ್ನೊಬ್ಬನ ಹೆಸರು ಹೇಳಿದ, ಆ ಇನ್ನೊಬ್ಬ ರಜೆ.

ಒಟ್ಟು ಐದು ಸಲ ಹೋದೆವು. ಒಮ್ಮೆ ಒಂದು ಪ್ರತಿ ಕಡಿಮೆ, ಒಮ್ಮೆ ಸಾಹೇಬರು ಮೀಟಿಂಗು, ಒಮ್ಮೆ ಕರೆಂಟಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ನಮಗೆಲ್ಲ ಗೊತ್ತಿರುವುದೇ, ಅದಕ್ಕೆ ನಾನು ಅಳುವುದಿಲ್ಲ. ನಾಲ್ಕನೆಯ ಸಲ ಆಟೋದಲ್ಲಿ ಕೂತಾಗ ಅಮ್ಮನ ಪಾದ ನೋಡಿದೆ. ಚಪ್ಪಲಿಯ ಪಟ್ಟಿಯಾಚೆ ಹಿಟ್ಟು ಉಕ್ಕಿದ ಹಾಗೆ ಊದಿತ್ತು. ವಿಚಾರಿಸಿದರೆ, ಕಚೇರಿಗೆ ಹೋಗುವ ದಿನವೂ ಅದರ ಹಿಂದಿನ ದಿನವೂ ನೀರಿನ ಮಾತ್ರೆಯನ್ನೇ ನುಂಗುತ್ತಿಲ್ಲ. ಹೃದಯಕ್ಕೆಂದು ಡಾಕ್ಟರು ಬರೆದುಕೊಟ್ಟ ಮಾತ್ರೆ ಅದು. ನುಂಗಿದರೆ ಎರಡು ಗಂಟೆಯೊಳಗೆ ಮೂರು ನಾಲ್ಕು ಸಲ ಎದ್ದು ಹೋಗಬೇಕು. "ಅಲ್ಲಿ ಎಲ್ಲಿಗೆ ಹೋಗಲಿ ಹೇಳು" ಎಂದಳು. ಬೆಳಗಿನಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಐದನೆಯ ಸಲ ಹೋಗಿ ಬಂದ ವಾರವೇ ಉಸಿರು ಕಟ್ಟಿ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದಳು.

ನೀವೇ ಹೇಳಿ, ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನ ಕಚೇರಿಗೆ ಹೊರಡುವ ದಿನ ಎರಡನೆಯ ಲೋಟ ಕಾಫಿ ಬೇಡ ಎಂದಿಲ್ಲ? ನಾವು ಅದನ್ನು ಯಾರಿಗೂ ಹೇಳುವುದಿಲ್ಲ, ನಾಚಿಕೆ. ನಮ್ಮ ನಾಚಿಕೆಯ ಮೇಲೆ ಎಷ್ಟು ಕಟ್ಟಡಗಳು ನಿಂತಿವೆಯೋ! ಸೌರ ಫಲಕ ಇರಲಿ, ತಾರಸಿ ತೋಟ ಇರಲಿ, ಎಲ್ಲ ಇರಲಿ. ಒಬ್ಬ ಹೆಂಗಸು ಹೊಟ್ಟೆ ತುಂಬ ನೀರು ಕುಡಿದು ಮನೆ ಬಿಟ್ಟು, ಒಂದೇ ಸಲಕ್ಕೆ ಕೆಲಸ ಮುಗಿಸಿ, ಬಸ್ಸಿನಲ್ಲಿ ಹಿಂತಿರುಗುವಂತಿಲ್ಲದಿದ್ದರೆ ಅದನ್ನು ಸುಸ್ಥಿರ ಕಟ್ಟಡ ಎಂದು ಕರೆಯಲು ನಾನು ಒಪ್ಪುವವಳಲ್ಲ.

ಈಗ ಎಲ್ಲ ಮೊಬೈಲಿನಲ್ಲೇ ಆಗುತ್ತದಲ್ಲ, ಕಚೇರಿಗೆ ಯಾರು ಹೋಗುತ್ತಾರೆ ಎನ್ನುವವರಿದ್ದಾರೆ. ನನ್ನ ಮಗನೇ ಅನ್ನುತ್ತಾನೆ. 2005ರಲ್ಲಿ ಬೆಂಗಳೂರು ಒನ್ ಬಂತು, 2012ರಲ್ಲಿ ಸಕಾಲ ಬಂತು, 2024ರಲ್ಲಿ ಇ-ಖಾತೆ ಬಂತು. ನಿಜ, ಒಳ್ಳೆಯದೇ ಆಯಿತು, ಕರೆಂಟು ಬಿಲ್ಲಿಗೆ ಸಾಲು ನಿಲ್ಲುವುದು ತಪ್ಪಿತು. ಆದರೆ ಒ.ಟಿ.ಪಿ. ಹೋಗುವುದು ಎಷ್ಟೋ ಮನೆಗಳಲ್ಲಿ ಗಂಡನ ಫೋನಿಗೆ, ಇಲ್ಲವೇ ಹೊರದೇಶದಲ್ಲಿರುವ ಮಗನ ಫೋನಿಗೆ. ಪಾತ್ರೆ ಉಜ್ಜಿ ಉಜ್ಜಿ ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪುವುದಿಲ್ಲ. ಅಪ್ಪನ ಹೆಸರಿನಲ್ಲಿ ಒಂದು ಕಡೆ 'ಸ್ವಾಮಿ', ಇನ್ನೊಂದು ಕಡೆ 'ಸಾಮಿ' ಎಂದಿದ್ದರೆ ಯಾವ ಮೊಬೈಲೂ ಉಪಯೋಗಕ್ಕೆ ಬಾರದು. ಸಲೀಸಾದ ಕೆಲಸಗಳೆಲ್ಲ ಫೋನಿಗೆ ಹೋದವು. ತೊಡಕಿನವೂ, ಮುದುಕರದೂ, ವಿಧವೆಯರದೂ ಮಾತ್ರ ಕಚೇರಿಗೆ ಉಳಿದವು. ಅಂದಮೇಲೆ ಕಚೇರಿ ಯಾರಿಗೆ ಅನುಕೂಲವಾಗಿರಬೇಕು?

ನಮ್ಮ ಈ ಭಾಗಕ್ಕೆ ಕಚೇರಿ ಕಟ್ಟಿಸಿಕೊಳ್ಳುವುದು ಹೊಸದಲ್ಲ. ಬೆಂಗಳೂರಿನ ಪೇಟೆಗೊಂದು, ದಂಡಿಗೊಂದು ಎಂದು ಎರಡು ಮುನಿಸಿಪಾಲಿಟಿಗಳಾದದ್ದು 1862ರಲ್ಲಿ. ಅವು ಒಂದಾಗಿ ಕಾರ್ಪೊರೇಷನ್ ಆದದ್ದು 1949ರಲ್ಲಿ. ದಂಡಿನವರ ಮುನಿಸಿಪಲ್ ಕಚೇರಿ ಇದ್ದದ್ದು ಈಗಿನ ಮಹಾತ್ಮ ಗಾಂಧಿ ರಸ್ತೆಯ ಮೇಯೋ ಹಾಲಿನಲ್ಲಿ. ಅಂಡಮಾನಿನಲ್ಲಿ 1872ರಲ್ಲಿ ಕೊಲೆಯಾದ ವೈಸ್‌ರಾಯ್ ಮೇಯೋನ ನೆನಪಿಗೆಂದು ಕಟ್ಟಿ, 1883ರಲ್ಲಿ ತೆರೆದ ಕಟ್ಟಡ. ಬ್ರಿಟಿಷರು ಬಿಟ್ಟುಹೋದದ್ದನ್ನೆಲ್ಲ ಹೊಗಳುವ ಚಟ ನನಗಿಲ್ಲ. ಆಗ ಬ್ಲಾಕ್‌ಪಲ್ಲಿ ಎನ್ನುತ್ತಿದ್ದ ಶಿವಾಜಿನಗರದ ಹೆಂಗಸಿಗೆ ಆ ಬಾಗಿಲು ಎಷ್ಟು ತೆರೆದಿತ್ತೆಂದು ಕೇಳಿದರೆ ಉತ್ತರ ಸಿಹಿಯಾಗಿರಲಾರದು. ಆದರೆ ಕಟ್ಟಿದ ರೀತಿ ನೋಡಿ. ದಪ್ಪ ಗೋಡೆ, ಎತ್ತರದ ಕಿಟಕಿ, ಬಿಸಿ ಗಾಳಿ ಮೇಲೇರಿ ಹೋಗಲು ಎತ್ತರದ ಸೂರು. ಕಂಟೋನ್ಮೆಂಟಿನ ಹಳೆಯ ಬಂಗಲೆಗಳ ಕಿಟಕಿಯ ಮೇಲೆ ಮರದ ಪಟ್ಟಿಗಳನ್ನು ಹೆಣೆದು ಟೋಪಿಯ ಹಾಗೆ ಇಳಿಸುತ್ತಿದ್ದರು, ಮಂಕಿ ಟಾಪ್ ಎಂದು ಅದಕ್ಕೆ ಹೆಸರು. ಬೆಳಕು ಬರುತ್ತಿತ್ತು, ಬಿಸಿಲೂ ಇರಚಲೂ ಬರುತ್ತಿರಲಿಲ್ಲ. ಕರೆಂಟೇ ಇಲ್ಲದ ಕಾಲದಲ್ಲಿ ಕಟ್ಟಿದವು ಇವೆಲ್ಲ.

ಶಿವಾಜಿನಗರದಿಂದ ನಡೆದು ಹೋಗುವಷ್ಟು ದೂರದಲ್ಲೇ ಅಠಾರಾ ಕಚೇರಿ ಇದೆ, ಈಗಿನ ಹೈಕೋರ್ಟು. ಟಿಪ್ಪುವಿನ ಅರಮನೆಯಲ್ಲಿ ಇಕ್ಕಟ್ಟಾಗಿ ಕೂತಿದ್ದ ಹದಿನೆಂಟು ಇಲಾಖೆಗಳನ್ನು 1868ರಲ್ಲಿ ಒಂದೇ ಸೂರಿನಡಿ ತಂದರು, ಅದಕ್ಕೇ ಆ ಹೆಸರು. ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಊರು ದಾಟಿ ಹೋಗಬೇಕಾಗಿರಲಿಲ್ಲ. 1980ರ ದಶಕದಲ್ಲಿ ಅದನ್ನೂ ಕೆಡವುವ ಮಾತು ಬಂದಿತ್ತು. ಜನ ಪಟ್ಟು ಹಿಡಿದರು, ಉಳಿಯಿತು. ಹದಿನೆಂಟನ್ನು ಒಟ್ಟಿಗೆ ಕೂರಿಸಿದ ಊರಿನಲ್ಲಿ ಈಗ ಖಾತೆ ಒಂದು ಕಡೆ, ನೀರಿನ ಸಂಪರ್ಕ ಒಂದು ಕಡೆ, ವಿದ್ಯುತ್ತು ಒಂದು ಕಡೆ, ಪಿಂಚಣಿ ಮತ್ತೊಂದು ಕಡೆ.

ಇಲ್ಲಿ ಒಂದು ಲೆಕ್ಕ ಮಾಡುತ್ತೇನೆ, ಹಳೆಯ ಚಾಳಿ, ಕ್ಷಮಿಸಿ. ಒಂದು ಕಚೇರಿಗೆ ದಿನಕ್ಕೆ 300 ಜನ ಬರುತ್ತಾರೆ ಅನ್ನಿ. ಒಂದೊಂದು ಕೆಲಸಕ್ಕೆ ಮೂರು ಮೂರು ಸಲ ಅಲೆಸಿದರೆ, ಆ 300ರಲ್ಲಿ 200 ಜನ ಆ ದಿನ ಬರಲೇಬೇಕಾಗಿರಲಿಲ್ಲ. ಹೋಗಿ ಬರಲು 20 ಕಿಲೋಮೀಟರ್ ಎಂದು ಹಿಡಿದರೂ ದಿನಕ್ಕೆ 4,000 ಕಿಲೋಮೀಟರ್ ದಂಡದ ಓಡಾಟ. ಹತ್ತಿರ ಹತ್ತಿರ ಬೆಂಗಳೂರಿನಿಂದ ದಿಲ್ಲಿಗೆ ಹೋಗಿ ಬಂದಷ್ಟಾಯಿತು, ದಿನಾಲೂ! ಅದರ ಪೆಟ್ರೋಲು, ಹೊಗೆ, ಕೂಲಿ ಕಳೆದುಕೊಂಡ ಹೆಂಗಸಿನ ಅರ್ಧ ದಿನ, ಇವನ್ನೆಲ್ಲ ತಾರಸಿಯ ಮೇಲಿನ ನಾಲ್ಕು ಸೌರ ಫಲಕ ತುಂಬಿಕೊಡುತ್ತದೆಯೇ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ಸು ಉಚಿತವಾಯಿತು. ಸಂತೋಷ. ಅಂಥ ಬಸ್ಸು ನಿಲ್ಲುವ ಜಾಗದಿಂದ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಕಚೇರಿ ಇರಲಿ ಎಂದರೆ ಅದು ದೊಡ್ಡ ಬೇಡಿಕೆಯೇ? ಕೆ.ಆರ್. ಪುರಕ್ಕೆ 2007ರವರೆಗೆ ತನ್ನದೇ ನಗರಸಭೆ ಇತ್ತು. ಊರಿನ ಕಚೇರಿ ಊರಿನೊಳಗೇ ಇತ್ತು. ಮಹಾನಗರ ಪಾಲಿಕೆಗೆ ಸೇರಿಸಿಕೊಂಡಾಗ ನಾವು ಹೆಚ್ಚು ದೊಡ್ಡವರಾದೆವು, ಹೆಚ್ಚು ದೂರದವರೂ ಆದೆವು.

ಇನ್ನು ಗಾಜು. ಬೈಯಪ್ಪನಹಳ್ಳಿಯಿಂದ ವೈಟ್‌ಫೀಲ್ಡ್ ಕಡೆ ಮೆಟ್ರೋದಲ್ಲಿ ಕೂತು ಹೋಗಿ ನೋಡಿ. ಎರಡೂ ಕಡೆ ಗಾಜಿನ ಬೀರುಗಳ ಹಾಗೆ ನಿಂತ ಕಟ್ಟಡಗಳು. ಕಂಪನಿಗಳು ಅವರ ದುಡ್ಡಿನಲ್ಲಿ ಏನಾದರೂ ಕಟ್ಟಿಕೊಳ್ಳಲಿ. ನನ್ನ ಭಯವೆಂದರೆ ಸರ್ಕಾರವೂ ಅದೇ ಮಾದರಿಗೆ ಮರುಳಾಗುತ್ತದೆ ಎಂಬುದು. ಗಾಜಿನ ಗೋಡೆ ಚಳಿ ದೇಶದವರ ಆಸೆ. ವರ್ಷದಲ್ಲಿ ಆರು ತಿಂಗಳು ಸೂರ್ಯನಿಗೆ ಕಾಯುವವರಿಗೆ ಬಿಸಿಲನ್ನು ಒಳಗೆ ಹಿಡಿದಿಡುವ ಗೋಡೆ ಬೇಕು. ನಮಗೆ? ಕಾರನ್ನು ಬಿಸಿಲಿಗೆ ನಿಲ್ಲಿಸಿ, ಗಾಜು ಏರಿಸಿ, ಅರ್ಧ ಗಂಟೆ ಬಿಟ್ಟು ಒಳಗೆ ಕೂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ತಂಪಿನ ಬೆಂಗಳೂರು 38 ಡಿಗ್ರಿ ದಾಟಿತು. ಅಂಥ ಊರಿನಲ್ಲಿ ಗಾಜು ಹೊದಿಸಿ, ಆ ಕಾವು ಇಳಿಸಲು ಹಗಲೆಲ್ಲ ಏಸಿ ಓಡಿಸಿ, ಆ ಏಸಿಗೆಂದು ಮೇಲೆ ಸೌರ ಫಲಕ ಹಾಕಿ, ಅದಕ್ಕೆ ಹಸಿರು ಕಟ್ಟಡ ಎಂದು ಫಲಕ ತೂಗುಹಾಕುವುದು ಮೇಲೆ ಥಳಕು ಒಳಗೆ ಹುಳುಕು ಅಲ್ಲದೆ ಮತ್ತೇನು? ಅದೂ ಏಸಿ ಇರುವುದು ಸಾಹೇಬರ ಕೋಣೆಗೆ, ಸೆಕೆ ಇರುವುದು ಸಾಲಿನಲ್ಲಿ ನಿಂತವರಿಗೆ.

ಎತ್ತರದ ಮೋಹವೂ ಬೇಡ. ಮೇಯೋ ಹಾಲಿನ ರಸ್ತೆಯಲ್ಲೇ ಕಾರ್ಪೊರೇಷನ್ನಿನವರು 1970ರ ದಶಕದಲ್ಲಿ 25 ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್ ಎಬ್ಬಿಸಿದಾಗ ನಾವು ಹುಡುಗಿಯರು ಹಲಸೂರಿನಿಂದ ನಡೆದುಹೋಗಿ ಕತ್ತು ನೋಯುವಷ್ಟು ನೋಡಿದ್ದೆವು. ಎತ್ತರದ ಕಟ್ಟಡದ ಪ್ರಾಣ ಲಿಫ್ಟಿನಲ್ಲಿ, ಪಂಪಿನಲ್ಲಿ, ಜನರೇಟರಿನಲ್ಲಿ ಇರುತ್ತದೆ. ಮೂರರಲ್ಲಿ ಒಂದು ನಿಂತರೂ ಮೇಲಿದ್ದವರ ಗತಿ ಗೋವಿಂದ. ಸಾರ್ವಜನಿಕ ಕಟ್ಟಡಗಳಿಗೆ ವಿಕಲಚೇತನರು ಬಂದು ಹೋಗುವಂತಿರಬೇಕೆಂದು 2016ರ ಕಾಯ್ದೆಯೇ ಹೇಳುತ್ತದೆ. ಜನ ಬರುವ ಕೌಂಟರುಗಳೆಲ್ಲ ನೆಲಮಟ್ಟದಲ್ಲಿರಲಿ, ಮೆಟ್ಟಿಲು ಹತ್ತುವ ಕಷ್ಟ ಸಾಹೇಬರಿಗೇ ಇರಲಿ. ಅವರು ಚಿಕ್ಕವರು, ಆರೋಗ್ಯಕ್ಕೂ ಒಳ್ಳೆಯದು.

ಹಾಗಾದರೆ ಹೇಗೆ ಕಟ್ಟಬೇಕೆನ್ನುತ್ತೀರಿ ಎಂದು ಕೇಳಿದರೆ, ನಾನು ಇಂಜಿನಿಯರಲ್ಲ. ಆದರೆ ಗೊತ್ತಿರುವವರು ಇದೇ ಊರಿನಲ್ಲಿದ್ದಾರೆ. ನಿಮ್ಮಲ್ಲಿ ಹಳ್ಳಿ ಕಡೆಯವರಿಗೆ ಅಸ್ತ್ರ ಒಲೆ ನೆನಪಿರಬಹುದು. ಹೊಗೆ ಕಡಿಮೆ ಮಾಡಿ, ಸೌದೆ ಉಳಿಸಿ, ನಮ್ಮ ಅತ್ತೆಯಂಥವರ ಕಣ್ಣು ಉಳಿಸಿದ ಒಲೆ. ಅದನ್ನು ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರುಮಾಡಿದ 'ಅಸ್ತ್ರ' ಕೇಂದ್ರ. ಅದೇ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವುದನ್ನು ಬೆಳೆಸಿದರು. ಸುಡುವುದಿಲ್ಲವಾದ್ದರಿಂದ ಸೌದೆಯೂ ಬೇಡ, ಕಲ್ಲಿದ್ದಲೂ ಬೇಡ. ಕೇರಳದಲ್ಲಿ ಲಾರಿ ಬೇಕರ್ ಇಟ್ಟಿಗೆಯ ನಡುನಡುವೆ ತೂತು ಬಿಟ್ಟು ಗೋಡೆಗೇ ಗಾಳಿಯಾಡುವಂತೆ ಮಾಡಿ, ಮರಗಳನ್ನು ಉಳಿಸಿಕೊಂಡು ತಿರುವನಂತಪುರದಲ್ಲಿ ದೊಡ್ಡ ಅಧ್ಯಯನ ಕೇಂದ್ರವನ್ನೇ ಕಟ್ಟಿದರು. ಅಷ್ಟೇಕೆ, ನಮ್ಮ ತೊಟ್ಟಿ ಮನೆ ಇಲ್ಲವೇ? ನಡುವೆ ತೆರೆದ ಅಂಗಳ, ಸುತ್ತ ಜಗಲಿ, ನಾಲ್ಕೂ ಸೂರಿನ ಮಳೆ ತೊಟ್ಟಿಗೆ. ಅಂಗಳದ ಸುತ್ತ ಕೌಂಟರು, ಜಗಲಿಯ ಮೇಲೆ ಕಾಯುವವರು, ನಡುವೆ ಒಂದು ಹೊಂಗೆ ಮರ ಎಂದು ಕಲ್ಪಿಸಿಕೊಳ್ಳಿ. ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮವರು ಸಿಂಗಪುರಕ್ಕೆ ಅಧ್ಯಯನ ಪ್ರವಾಸ ಹೋಗದಿದ್ದರೆ ಸಾಕು. ಐದು ಪಾಲಿಕೆಗೂ ಇಡ್ಲಿ ತಟ್ಟೆಯಲ್ಲಿ ಹುಯ್ದ ಹಾಗೆ ಒಂದೇ ಅಚ್ಚಿನ ಕಟ್ಟಡ ತರುವುದೂ ಬೇಡ. ಹಲಸೂರಿನ ಇಕ್ಕಟ್ಟು ಓಣಿಗೂ ಮಹದೇವಪುರದ ಬಯಲಿಗೂ ಒಂದೇ ಅಂಗಿ ಹೊಂದುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟು ತಡೆಯುವುದಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ ಎನ್ನುತ್ತಿದ್ದರು. 2024ರ ಮಾರ್ಚಿಯಲ್ಲಿ ನಮ್ಮ ಕೆ.ಆರ್. ಪುರದ ಕಡೆ ಬಂದವಳಿಗೆ ಹೋಗಲು ನೀರೇ ಇರಲಿಲ್ಲ. ಕೊಳವೆ ಬಾವಿಗಳು ಬತ್ತಿದವು. 6,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 600 ರೂಪಾಯಿ ಎಂದು ಸರ್ಕಾರ ದರ ಕಟ್ಟಬೇಕಾಯಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ದಂಡ ಎಂದು ಜಲಮಂಡಳಿ ಹೇಳಿತು. ಪಾತ್ರೆ ತೊಳೆದ ನೀರನ್ನು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರನ್ನು ಪಾಯಿಖಾನೆಗೆ ಎಂದು ನಾವು ಹೆಂಗಸರು ಬಕೆಟ್ಟು ಬಕೆಟ್ಟು ಹೊತ್ತೆವು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಬಂದ ಮೇಲೆ ಹೊರವಲಯದ ಹಳ್ಳಿಗಳ ನಲ್ಲಿಗೆ ಜೀವ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಅದು ನೂರು ಕಿಲೋಮೀಟರ್ ಆಚೆಯಿಂದ ಮೇಲಕ್ಕೆ ಎತ್ತಿ ತಂದ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಮೀಟರ್ ಮಳೆ. ಸಾವಿರ ಚದರ ಮೀಟರಿನ ತಾರಸಿ ಇದ್ದರೆ ಅದರ ಮೇಲೆ ಸುಮಾರು ಹತ್ತು ಲಕ್ಷ ಲೀಟರ್ ಸುರಿಯುತ್ತದೆ. ಆರಿ, ಸೋರಿ ಕಾಲು ಪಾಲು ಹೋದರೂ ಏಳೂವರೆ ಲಕ್ಷ. ಆರು ಸಾವಿರದ ಟ್ಯಾಂಕರಿನಲ್ಲಿ ಅಳೆದರೆ 125 ಟ್ಯಾಂಕರ್. ಮಳೆ ಕೊಯ್ಲು ಕಡ್ಡಾಯವೆಂದು ಕಾನೂನಾದದ್ದು 2009ರಲ್ಲಿ. ನಮ್ಮಂಥವರು ಮಾಡಿಸದಿದ್ದರೆ ದಂಡ ನೀರಿನ ಬಿಲ್ಲಿನಲ್ಲೇ ಸೇರಿ ಬರುತ್ತದೆ. ಸರ್ಕಾರಿ ಕಟ್ಟಡದ ತಾರಸಿಯ ನೀರು ಮೋರಿಗೆ ಹೋದರೆ ಬಿಲ್ಲು ಯಾರಿಗೆ ಕಳಿಸುತ್ತಾರೆ?

ಮಳೆ ಕೊಯ್ಲಿನ ಕೊಳವೆ ಹಾಕಿಸುವುದೂ ಸಾಲದು. ಮಿಕ್ಸಿ ಕೊಳ್ಳುವಾಗ ಮನೆಯವರಿಗೆಲ್ಲ ಉತ್ಸಾಹ, ಜಾರು ತೊಳೆಯುವಾಗ ಯಾರೂ ಇರುವುದಿಲ್ಲ. ಉದ್ಘಾಟನೆಯ ದಿನ ಮಂತ್ರಿಗಳು ಗುಂಡಿ ಒತ್ತುತ್ತಾರೆ, ಫೋಟೋ ಬರುತ್ತದೆ. ಎರಡನೆಯ ಮಳೆಗಾಲಕ್ಕೆ ಸೋಸುವ ಜಲ್ಲಿಯಲ್ಲಿ ಎಲೆ ಕೊಳೆತಿರುತ್ತದೆ, ಸೌರ ಫಲಕದ ಮೇಲೆ ಧೂಳು ಕೂತಿರುತ್ತದೆ, ಬಚ್ಚಲ ನೀರು ಶುದ್ಧಿ ಮಾಡುವ ಯಂತ್ರಕ್ಕೆ ಕರೆಂಟು ದಂಡವೆಂದು ಯಾರೋ ಆರಿಸಿರುತ್ತಾರೆ. ನಕ್ಷೆಗೆ ಕೋಟಿ ಕೋಟಿ ಇಡುವವರು ತೊಳೆಯುವವಳ ಸಂಬಳಕ್ಕೂ ಅಲ್ಲೇ ಒಂದು ಸಾಲು ಬರೆಯಲಿ. ಯಾರು ತೊಳೆಯಬೇಕು, ಎಷ್ಟು ದಿನಕ್ಕೊಮ್ಮೆ, ತಪ್ಪಿದರೆ ಯಾರನ್ನು ಕೇಳಬೇಕು ಎಂಬುದನ್ನು ಬಾಗಿಲಲ್ಲೇ ಕನ್ನಡದಲ್ಲಿ ಬರೆಸಿ ಹಾಕಲಿ. ಶೌಚಾಲಯದ ಬೀಗದ ಕೈಗೂ ಇದೇ ಮಾತು. ಬೀಗವೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಹೊಸದು ಬೇಕೇ ಬೇಕೇ ಎಂದೂ ಒಮ್ಮೆ ಕೇಳಿಕೊಳ್ಳಬೇಕು. ಮದುವೆಯಾದ ಹೊಸತರಲ್ಲಿ ನಾವು ಇಂದಿರಾನಗರದಲ್ಲಿ ಬಾಡಿಗೆಗಿದ್ದೆವು. ಅಲ್ಲಿನ ಬಿ.ಡಿ.ಎ. ಕಾಂಪ್ಲೆಕ್ಸಿನ ಮರಗಳ ಕೆಳಗೆ ತರಕಾರಿ ಚೀಲ ಇಳಿಸಿ ಕೂತದ್ದು ಎಷ್ಟು ಸಲವೋ. ಅದನ್ನೂ ಊರಿನ ಇತರ ಕೆಲವು ಕಾಂಪ್ಲೆಕ್ಸುಗಳನ್ನೂ ಖಾಸಗಿಯವರ ಜೊತೆ ಸೇರಿ ಕೆಡವಿ ದೊಡ್ಡದಾಗಿ ಕಟ್ಟುವ ಯೋಜನೆಯನ್ನು ಬಿ.ಡಿ.ಎ. ಮುಂದಿಟ್ಟಾಗ, ಇಂದಿರಾನಗರದ ಜನ ಮರ ಹೋಗುತ್ತದೆ, ಮಾಲ್ ಬರುತ್ತದೆ, ವಾಹನ ಹೆಚ್ಚುತ್ತದೆ ಎಂದು ಬೀದಿಗಿಳಿದರು. ಅವರನ್ನು ಅನುಕೂಲಸ್ಥರ ಗಲಾಟೆ ಎಂದು ಕೆಲವರು ಅಂದರು. ಇರಬಹುದು. ಮರದ ನೆರಳು ಮಾತ್ರ ಅನುಕೂಲಸ್ಥರಿಗೇ ಬೀಳುತ್ತಿರಲಿಲ್ಲ, ಅಲ್ಲಿ ಹೂ ಕಟ್ಟಿ ಮಾರುವವಳಿಗೂ ಬೀಳುತ್ತಿತ್ತು. ನಿಂತಿರುವ ಕಟ್ಟಡವೆಂದರೆ ಆಗಲೇ ಸುಟ್ಟ ಇಟ್ಟಿಗೆ, ಆಗಲೇ ಕರಗಿಸಿದ ಕಬ್ಬಿಣ. ಅದನ್ನು ಪುಡಿ ಮಾಡಿ ಲಾರಿಯಲ್ಲಿ ಸಾಗಿಸಿ ಯಾವುದೋ ಕೆರೆಯಂಚಿಗೆ ಸುರಿದು, ಮತ್ತೆ ಸಿಮೆಂಟು ತರುವುದರಲ್ಲಿ ಎಂಥ ಉಳಿತಾಯ? ಹಳೆಯ ಸೀರೆ ಹರಿದರೆ ಅಂಚು ಬಿಚ್ಚಿ ಕೌದಿ ಹೊಲಿಯುವ ನಮಗೆ ಇದು ತಿಳಿಯುತ್ತದೆ. ಶಿವಾಜಿನಗರದ ರಸೆಲ್ ಮಾರ್ಕೆಟ್ 1927ರದು, 2012ರಲ್ಲಿ ಬೆಂಕಿ ಬಿದ್ದರೂ ಕೆಡವಲಿಲ್ಲ, ರಿಪೇರಿ ಮಾಡಿದರು, ಇವತ್ತಿಗೂ ಅಲ್ಲಿ ವ್ಯಾಪಾರ ನಡೆದಿದೆ. ಪೂರ್ವಕ್ಕೆ ಹೊಸ ಕಟ್ಟಡ ಬೇಕಾಗಬಹುದು, ಹೊಸ ಪಾಲಿಕೆ. ಕೇಂದ್ರಕ್ಕೂ ಅಷ್ಟೇ ಅವಸರವಾಗಿ ಬೇಕೇ, ಇರುವುದಕ್ಕೆ ಒಂದು ಇಳಿಜಾರು, ಒಂದು ಓಡುವ ಲಿಫ್ಟು, ನಾಲ್ಕು ಕಿಟಕಿ ಸಾಲದೇ ಎಂದು ಯಾರಾದರೂ ಲೆಕ್ಕ ಹಾಕಿ ತೋರಿಸಲಿ.

ಇದನ್ನೆಲ್ಲ ಯಾರಿಗೆ ಹೇಳುವುದು? ವಾರ್ಡಿನ ಕೌನ್ಸಿಲರಿಗೆ ಹೇಳೋಣವೆಂದರೆ 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಈ ಮಹಾನಗರಕ್ಕೆ ಚುನಾಯಿತ ಕೌನ್ಸಿಲ್ಲೇ ಇರಲಿಲ್ಲ. ಕೌನ್ಸಿಲ್ ಇದ್ದಿದ್ದರೆ ಮೀಸಲಾತಿಯಿಂದ ಬಂದ ಹೆಂಗಸರಾದರೂ ಇರುತ್ತಿದ್ದರು, ಒಬ್ಬಳಾದರೂ ಶೌಚಾಲಯ ಎಲ್ಲಿ ಎಂದು ಕೇಳುತ್ತಿದ್ದಳು. ಕೇಳುವವರಿಲ್ಲದ ಆ ಹೊತ್ತಿನಲ್ಲೇ ಊರು ಒಡೆಯಿತು, ಕಟ್ಟಡದ ಮಾತೂ ಎದ್ದಿತು. ಆದ್ದರಿಂದ ನಾನು ಬೇಡುವುದು ಇಷ್ಟು: ಗುದ್ದಲಿ ಪೂಜೆಗೆ ಮುಂಚೆ ನಕ್ಷೆಯನ್ನು ಬಸ್ ನಿಲ್ದಾಣದಲ್ಲಿ, ಮಾರುಕಟ್ಟೆಯಲ್ಲಿ, ರೇಷನ್ ಅಂಗಡಿಯ ಮುಂದೆ ಒಂದು ತಿಂಗಳು ಅಂಟಿಸಿ. ಕನ್ನಡದಲ್ಲಿ ಇರಲಿ, ದಂಡಿನ ಕಡೆ ತಮಿಳು, ಉರ್ದು, ತೆಲುಗು ಆಡುವವರೇ ಹೆಚ್ಚು, ಅವರಿಗೆ ಓದಿ ಹೇಳಲು ಒಬ್ಬರನ್ನು ಕೂರಿಸಿ. ಕಸ ಗುಡಿಸುವವಳನ್ನು, ಪಿಂಚಣಿಗೆ ಬರುವವಳನ್ನು, ಮಗು ಎತ್ತಿಕೊಂಡು ಬರುವವಳನ್ನು ಕೂರಿಸಿಕೊಂಡು ನಮ್ಮ ಮೇಸ್ತ್ರಿ ಕೇಳಿದ ಪ್ರಶ್ನೆಯನ್ನೇ ಕೇಳಿ.

ನಮ್ಮ ಬೀದಿಯ ಹೆಂಗಸರು ಸೇರಿ ಒಂದು ಮನವಿ ಬರೆದಿದ್ದೇವೆ, ಎರಡೂ ಪಾಲಿಕೆಯ ಆಯುಕ್ತರಿಗೆ ಒಂದೊಂದು ಪ್ರತಿ. ಮೊನ್ನೆ ಅಮ್ಮನ ಹತ್ತಿರ ಒಯ್ದೆ. ಖಾತೆಯ ಕೆಲಸಕ್ಕೆ ಹೋದಾಗ ಅವಳ ಅಕ್ಷರ ನಡುಗುತ್ತದೆಂದು, "ಅಜ್ಜಿ, ಸಹಿ ಬೇಡ, ಹೆಬ್ಬೆಟ್ಟು ಒತ್ತಿಬಿಡಿ" ಎಂದು ಇಂಕಿನ ಪ್ಯಾಡು ಮುಂದೆ ತಳ್ಳಿದ್ದರು. ಲೋಯರ್ ಸೆಕೆಂಡರಿ ಪಾಸು ಮಾಡಿದವಳು, ಒತ್ತಿ ಬಂದು ಎರಡು ದಿನ ಮಾತಾಡಿರಲಿಲ್ಲ. ಈಗ ಕನ್ನಡಕ ಹಾಕಿಕೊಂಡು ಮನವಿಯನ್ನು ಪೂರ್ತಿ ಓದಿದಳು. 'ಶೌಚಾಲಯ' ಎಂಬಲ್ಲಿ ಒತ್ತಕ್ಷರವೋ ಏನೋ ತಪ್ಪಿದೆಯೆಂದು ಅನುಮಾನ ಪಟ್ಟು, ನಾನು ಸರಿಯೆಂದ ಮೇಲೆ, ಪೆನ್ನು ತೆಗೆದುಕೊಂಡು ನಿಧಾನವಾಗಿ ತನ್ನ ಪೂರ್ತಿ ಹೆಸರು ಬರೆದಳು. ಆಮೇಲೆ ಕೇಳಿದಳು:

"ಇದನ್ನ ಕೊಡೋದಕ್ಕೆ ಎಷ್ಟನೇ ಮಹಡಿಗೆ ಹೋಗಬೇಕೇ?"